ನಾಲ್ಕು ಆಸಿಲೇಟರ್‌ಗಳ ತಂಬೂರಿ: ಮಾಡ್ಯುಲರ್ ಸಿಂಥ್ ಎಲ್ಲಿಯವರೆಗೆ ಬಂದಿದೆ

ಮಾರ್ಚ್ ಕೊನೆ

ಪೆಟ್ಟಿಗೆ ಸಿದ್ಧವಾಯಿತು, ವಿದ್ಯುತ್ ಪೂರೈಕೆಯೂ ಕೆಲಸ ಮಾಡುತ್ತಿದೆ. ಶ್ರುತಿಯ ಕೆಲಸ ಇನ್ನು ಆರಂಭ.

ಈ ಟಿಪ್ಪಣಿಗಳನ್ನು ಹೊಸದಾಗಿ ಓದುವವರಿಗೆ ಎರಡು ಮಾತು. ತಂಬೂರಿಯ ನಾಲ್ಕು ತಂತಿಗಳಿಗೆ ಒಂದೊಂದರಂತೆ ನಾಲ್ಕು ಆಸಿಲೇಟರ್‌ಗಳಿರುವ, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ನಾಲ್ಕು ಸರ್ಕ್ಯೂಟ್‌ಗಳಿರುವ, ಮಾಡ್ಯುಲರ್ ಸಿಂಥಸೈಜರ್ ಕಟ್ಟುತ್ತಿದ್ದೇನೆ: ಪಂಚಮ, ಸಾರಣೆ, ಅನುಸಾರಣೆ, ಮಂದ್ರ. ಅದು ಮುಗಿದ ಮೇಲೆ ರಾಗ ನುಡಿಸಲು ಐದನೆಯ ಆಸಿಲೇಟರ್ ಸೇರುತ್ತದೆ. ಬೆಂಗಳೂರಿಗೆ ಎಲೆಕ್ಟ್ರಾನಿಕ್ ತಂಬೂರಿ ಹೊಸದಲ್ಲ. ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಪೆಟ್ಟಿಗೆಗಳು ಇದೇ ಊರಿನಲ್ಲಿ ಹುಟ್ಟಿ ಸಂಗೀತ ಪಾಠದ ಕೋಣೆಗಳನ್ನೆಲ್ಲ ಸೇರಿದವು. ಕೇವಲ ಶ್ರುತಿ ಹಿಡಿದು ಹಾಡುವುದಕ್ಕಾದರೆ ಅದು ಸಾಕು, ಮೊಬೈಲ್ ಆ್ಯಪ್ ಆದರೂ ಸಾಕು. ನಾನು ಬಯಸಿದ್ದು ನಾದದ ಒಳಗೆ ಕೈಹಾಕಲು ಬಿಡುವ ವಾದ್ಯವನ್ನು. ಒಂದೊಂದು ತಂತಿಯ ಸ್ಥಾನ, ಅದರ ಜೀವಾಳ (ತಂತಿ ಕೂರುವ ಕುದುರೆಯ ಮೇಲೆ ಎಳೆ ಇಟ್ಟು ತರುವ ಝೇಂಕಾರ), ಅದು ಆರಿಹೋಗುವ ರೀತಿ, ಇವೆಲ್ಲ ಬೇರೆಬೇರೆ ಗುಂಡಿಗಳಾಗಿ ಮುಂದೆ ಇರಬೇಕು. ಮಾಡ್ಯುಲರ್ ಸಿಂಥ್ ಕೊಡುವುದು ಅದನ್ನೇ. ಒಳಗಿನ ಪ್ರತಿಯೊಂದು ಭಾಗವೂ ಪ್ರತ್ಯೇಕ, ಅವುಗಳ ನಡುವಿನ ಸಂಬಂಧವನ್ನು ನಾವೇ ಕೇಬಲ್ ಹಾಕಿ ನಿರ್ಧರಿಸುತ್ತೇವೆ.

ಅಳತೆ ಯೂರೋರ್‍ಯಾಕ್‌ನದು. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ನಡುವಿನಲ್ಲಿ ತಂದ ಎ-100 ಸರಣಿಯಿಂದ ಬೆಳೆದ ಪದ್ಧತಿ ಇದು. ಮುಖಫಲಕದ ಎತ್ತರ 128.5 ಮಿ.ಮೀ., ಅಗಲ 5.08 ಮಿ.ಮೀ.ಗಳ ಗುಣಕದಲ್ಲಿ, ಜ್ಯಾಕ್‌ಗಳು 3.5 ಮಿ.ಮೀ., ವಿದ್ಯುತ್ ಧನ ಮತ್ತು ಋಣ 12 ವೋಲ್ಟ್. ಇಷ್ಟು ಒಪ್ಪಿಕೊಂಡರೆ ಯಾವ ದೇಶದ ಯಾರು ಮಾಡಿದ ಮಾಡ್ಯೂಲ್ ಆದರೂ ಪಕ್ಕಪಕ್ಕ ಕೂರುತ್ತದೆ. ಪೆಟ್ಟಿಗೆ ಸಾಗುವಾನಿಯ ತುಂಡುಗಳದು, ಬಡಗಿಯ ಕೈಯಲ್ಲಿ ಮಾಡಿಸಿದ್ದು. ವಿದ್ಯುತ್ತಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆ ಎಸ್.ಪಿ. ರಸ್ತೆಯಲ್ಲಿ ಸಿಗುವ 15-0-15 ಟ್ರಾನ್ಸ್‌ಫಾರ್ಮರ್, ವೋಲ್ಟೇಜನ್ನು 12ಕ್ಕೆ ಸ್ಥಿರಗೊಳಿಸುವ 7812 ಮತ್ತು 7912 ರೆಗ್ಯುಲೇಟರ್, ದಪ್ಪ ಹೀಟ್‌ಸಿಂಕ್. ಸ್ವಿಚಿಂಗ್ ಸಪ್ಲೈ ಹಗುರ ಮತ್ತು ಅಗ್ಗ ಎಂಬುದು ನಿಜ. ಆದರೆ ಗಂಟೆಗಟ್ಟಲೆ ಒಂದೇ ಷಡ್ಜ ಮೊಳಗುವ ವಾದ್ಯದಲ್ಲಿ ಅತಿ ಸಣ್ಣ ಶಿಳ್ಳೆಯೂ ಕಿವಿಗೆ ಚುಚ್ಚುತ್ತದೆ. ಹಾಗಾಗಿ ಹಳೆಯ ಭಾರದ ದಾರಿಯನ್ನೇ ಹಿಡಿದೆ.

ಏಪ್ರಿಲ್, ಬಿಸಿಲಿನ ದಿನಗಳು

ಮೊದಲ ಆಸಿಲೇಟರ್ ಹಾಡಿತು. ಅದನ್ನು ಬಿಡಿ ಟ್ರಾನ್ಸಿಸ್ಟರ್‌ಗಳಲ್ಲೇ ಕಟ್ಟಿದ್ದೇನೆ. ಒಳಗೆ ನಡೆಯುವುದನ್ನು ಕಣ್ಣಾರೆ ನೋಡದೆ ಚಿಪ್ ಹಾಕಲು ಮನಸ್ಸು ಬರಲಿಲ್ಲ.

ಕೆಲಸ ನಡೆಯುವುದು ಹೀಗೆ. ಒಂದು ಕೆಪಾಸಿಟರ್ ನಿಧಾನವಾಗಿ ತುಂಬುತ್ತದೆ, ಗೊತ್ತಾದ ಮಟ್ಟ ಮುಟ್ಟಿದ ಕೂಡಲೇ ಒಂದು ಸ್ವಿಚ್ ಅದನ್ನು ಬರಿದು ಮಾಡುತ್ತದೆ, ಮತ್ತೆ ತುಂಬುತ್ತದೆ. ಗರಗಸದ ಹಲ್ಲಿನಂಥ ಅಲೆ ಹುಟ್ಟುತ್ತದೆ. ಎಷ್ಟು ಕರೆಂಟ್ ಹರಿದರೆ ಅಷ್ಟು ಬೇಗ ತುಂಬುತ್ತದೆ, ಅಷ್ಟು ಎತ್ತರದ ಸ್ವರ. ಆದರೆ ಒಂದು ಸ್ಥಾಯಿ ಮೇಲೆ ಹೋಗುವುದೆಂದರೆ ಕಂಪನ ಸಂಖ್ಯೆ ಇಮ್ಮಡಿಯಾಗುವುದು. ಅಮೆರಿಕದ ಸಿಂಥಸೈಜರ್ ತಯಾರಕ ರಾಬರ್ಟ್ ಮೋಗ್ 1960ರ ದಶಕದಲ್ಲಿ ನೆಲೆಗೊಳಿಸಿದ ಪದ್ಧತಿಯಂತೆ ಒಂದು ವೋಲ್ಟ್ ಹೆಚ್ಚಿಸಿದರೆ ಸರಿಯಾಗಿ ಒಂದು ಸ್ಥಾಯಿ ಏರಬೇಕು. ಕೂಡುವ ವೋಲ್ಟೇಜನ್ನು ಗುಣಿಸುವ ಕರೆಂಟ್ ಆಗಿ ಬದಲಿಸುವ ಈ ಕೆಲಸವನ್ನು ಒಂದೇ ಒಂದು ಟ್ರಾನ್ಸಿಸ್ಟರ್ ತನ್ನ ಸ್ವಭಾವದಿಂದಲೇ ಮಾಡಿಬಿಡುತ್ತದೆ. ಅದರ ಬೇಸ್ ಮತ್ತು ಎಮಿಟರ್ ಎಂಬ ಕಾಲುಗಳ ನಡುವೆ ಸುಮಾರು 18 ಮಿಲಿವೋಲ್ಟ್ ಹೆಚ್ಚಿದರೆ ಹರಿಯುವ ಕರೆಂಟ್ ಎರಡರಷ್ಟಾಗುತ್ತದೆ. ಇಡೀ ಅನಲಾಗ್ ಸಿಂಥಸೈಜರ್ ಪರಂಪರೆ ನಿಂತಿರುವುದು ಈ 18 ಮಿಲಿವೋಲ್ಟ್‌ಗಳ ಮೇಲೆ ಎಂದರೆ ತಪ್ಪಿಲ್ಲ. ಪ್ರತಿ ಬಾರಿ ಆಸಿಲೋಸ್ಕೋಪಿನಲ್ಲಿ ಅದನ್ನು ನೋಡಿದಾಗಲೂ ನನಗೆ ರೋಮಾಂಚನವಾಗುತ್ತದೆ.

ತೊಡಕು ಇರುವುದೂ ಅಲ್ಲೇ. ಆ 18 ಮಿಲಿವೋಲ್ಟ್ ಸ್ಥಿರವಲ್ಲ, ಉಷ್ಣಾಂಶದ ಜೊತೆ ಬೆಳೆಯುತ್ತದೆ. ಕೋಣೆಯ ಉಷ್ಣಾಂಶದ ಹತ್ತಿರ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.33ರಷ್ಟು ವ್ಯತ್ಯಾಸ. ಕೇಳಲು ಕಡಿಮೆ ಎನಿಸಬಹುದು. ಸ್ಥಾಯಿಯನ್ನು 1200 ಸೆಂಟ್ ಎಂದು ಭಾಗಿಸಿದರೆ ಶೇಕಡಾ 0.33 ಎಂದರೆ 4 ಸೆಂಟ್. ಬೆಂಗಳೂರಿನ ಏಪ್ರಿಲ್‌ನಲ್ಲಿ ಮುಂಜಾನೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿಯ ಅಂತರ ಸಹಜ. ಏನೂ ಪರಿಹಾರ ಮಾಡದಿದ್ದರೆ ಬೆಳಗ್ಗೆ ಸೇರಿಸಿದ ಮಂದ್ರ ಷಡ್ಜ ಮಧ್ಯಾಹ್ನದ ಹೊತ್ತಿಗೆ ಮಧ್ಯ ಷಡ್ಜದಿಂದ 40 ಸೆಂಟ್ ಆಚೆ ನಿಂತಿರುತ್ತದೆ. ಅದು ತಂಬೂರಿ ಎನಿಸಿಕೊಳ್ಳುವುದಿಲ್ಲ.

ಪರಿಹಾರಕ್ಕೆ ಎರಡು ಭಾಗ. ಮೊದಲನೆಯದು ಟ್ರಾನ್ಸಿಸ್ಟರ್ ಜೋಡಿ: ಒಂದರ ವಾಲಾಟವನ್ನು ಇನ್ನೊಂದು ರದ್ದು ಮಾಡಬೇಕು, ಅದಕ್ಕೆ ಎರಡೂ ಒಂದೇ ಗುಣದವಾಗಿರಬೇಕು. ಬಿಸಿ 547 ಟ್ರಾನ್ಸಿಸ್ಟರ್‌ಗಳ ಒಂದು ಪಟ್ಟಿ ತಂದು ಒಂದೇ ಕರೆಂಟಿನಲ್ಲಿ ಒಂದೊಂದರ ಬೇಸ್ ವೋಲ್ಟೇಜ್ ಅಳೆದು, ಒಂದು ಮಿಲಿವೋಲ್ಟ್‌ಗಿಂತ ಕಡಿಮೆ ಅಂತರದವನ್ನು ಜೋಡಿ ಮಾಡಿದೆ. ಅಳೆಯುವಾಗ ಬೆರಳು ತಾಗಬಾರದು, ಮೈಯ ಬಿಸಿಗೇ ಅಂಕಿ ಜಾರುತ್ತದೆ. ಆಯ್ದ ಜೋಡಿಯ ಚಪ್ಪಟೆ ಮುಖಗಳನ್ನು ಎದುರುಬದುರು ಅಂಟಿಸಿ ತಾಮ್ರದ ಪಟ್ಟಿ ಸುತ್ತಿದ್ದೇನೆ. ಎರಡನೆಯದು ಟೆಂಪ್ಕೋ ಎಂದು ಕರೆಯುವ ರೆಸಿಸ್ಟರ್: ಪ್ರತಿ ಡಿಗ್ರಿಗೆ ಶೇಕಡಾ 0.33ರಷ್ಟೇ ತಾನೂ ಹೆಚ್ಚಿ, ಟ್ರಾನ್ಸಿಸ್ಟರಿನ ಬೇಡಿಕೆಯನ್ನು ಸರಿದೂಗಿಸುತ್ತದೆ. ಅದು ಟ್ರಾನ್ಸಿಸ್ಟರ್ ಜೋಡಿಗೆ ತಾಗಿಕೊಂಡೇ ಇರಬೇಕು.

ಹಳಬರು ಇದಕ್ಕೆ ಇನ್ನೊಂದು ಸೊಗಸಾದ ಉಪಾಯ ಮಾಡಿದ್ದರು. ಫೇರ್‌ಚೈಲ್ಡ್ ಕಂಪನಿಯ 726 ಎಂಬ ಚಿಪ್‌ನಲ್ಲಿ ಟ್ರಾನ್ಸಿಸ್ಟರ್ ಜೋಡಿಯ ಪಕ್ಕದಲ್ಲೇ ಒಂದು ಪುಟ್ಟ ಹೀಟರ್ ಇತ್ತು. ಹೊರಗೆ ಚಳಿಯಿರಲಿ ಸೆಕೆಯಿರಲಿ, ಒಳಗೆ ಯಾವಾಗಲೂ ಒಂದೇ ಬಿಸಿ. ಮೋಗ್ ಕಂಪನಿಯ ಕೆಲವು ಆಸಿಲೇಟರ್‌ಗಳಲ್ಲಿ ಅದು ಇದೆ. ಇಂದು ಆ ಚಿಪ್ ಸಿಗುವುದು ಅಪರೂಪ, ಸಿಕ್ಕರೂ ಹಳೆಯ ವಾದ್ಯಗಳ ರಿಪೇರಿಗೆ ಮೀಸಲಿಡುವುದೇ ನ್ಯಾಯ.

ಮೇ

ಉಳಿದ ಮೂರು ಆಸಿಲೇಟರ್‌ಗಳಿಗೆ ಎಎಸ್ 3340 ಚಿಪ್ ಹಾಕಿದೆ. ಲಾಟ್ವಿಯಾದ ರೀಗಾ ನಗರದಲ್ಲಿ ತಯಾರಾಗುವ ಇದು ಡಗ್ ಕರ್ಟಿಸ್ ವಿನ್ಯಾಸ ಮಾಡಿದ ಸಿಇಎಂ 3340ರ ಪ್ರತಿರೂಪ. ಉಷ್ಣಾಂಶದ ಪರಿಹಾರ ಚಿಪ್ಪಿನೊಳಗೇ ಇದೆ. ಪ್ರಾಫೆಟ್-5ರ ಮೂರನೆಯ ಆವೃತ್ತಿ, ಓಬರ್‌ಹೈಮ್ ಓಬಿ-ಎಕ್ಸ್‌ಎ, ರೋಲ್ಯಾಂಡ್ ಎಸ್‌ಎಚ್-101, ಹೀಗೆ 1980ರ ದಶಕದ ಆರಂಭದ ಎಷ್ಟೋ ವಾದ್ಯಗಳ ಗಂಟಲು ಮೂಲ ಚಿಪ್‌ನದೇ.

ಟ್ಯೂನಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಪಶ್ಚಿಮದ ಮಾಡ್ಯುಲರ್ ಕೈಪಿಡಿಗಳು ಹೇಳುವ ಲೆಕ್ಕ ನಮಗೆ ಹೊಂದುವುದಿಲ್ಲ. ಅವರು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುತ್ತಾರೆ. ಆ ಲೆಕ್ಕದಲ್ಲಿ ಪಂಚಮ ಷಡ್ಜಕ್ಕಿಂತ 0.5833 ವೋಲ್ಟ್ ಮೇಲೆ. ಮೂರಕ್ಕೆ ಎರಡರ ಅನುಪಾತದ ಶುದ್ಧ ಪಂಚಮ ಇರುವುದು 0.5850 ವೋಲ್ಟ್‌ನಲ್ಲಿ. ಅಂತರ ಎರಡು ಮಿಲಿವೋಲ್ಟ್‌ಗೂ ಕಡಿಮೆ, 2 ಸೆಂಟ್. ಸಿ ಶಾರ್ಪ್ ಶ್ರುತಿಯಲ್ಲಿ, ಅಂದರೆ 138.6 ಹರ್ಟ್ಸ್ ಷಡ್ಜಕ್ಕೆ, ಸಮಭಾಗದ ಪಂಚಮ ಹಾಕಿದರೆ ಸುಮಾರು ಎರಡು ಸೆಕೆಂಡಿಗೊಮ್ಮೆ ನಾದ ತೂಗುತ್ತದೆ. ಶುದ್ಧ ಪಂಚಮದಲ್ಲಿ ಆ ತೂಗಾಟ ನಿಂತುಬಿಡುತ್ತದೆ. ಇನ್ನು ಅಂತರ ಗಾಂಧಾರದ ವಿಷಯದಲ್ಲಿ ವ್ಯತ್ಯಾಸ 14 ಸೆಂಟ್. ತಂಬೂರಿಯ ಮಂದ್ರ ತಂತಿ ಚೆನ್ನಾಗಿ ಮೊಳಗಿದಾಗ ತಾನಾಗಿ ಕೇಳಿಬರುವ ಗಾಂಧಾರ ಐದನೆಯ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಐದು ಪಟ್ಟು ಕಂಪನದ ಉಪಸ್ವರ. ಅದು ಕೀಬೋರ್ಡಿನ ಗಾಂಧಾರ ಅಲ್ಲವೇ ಅಲ್ಲ.

ಆದ್ದರಿಂದ ಪಂಚಮದ ತಂತಿಗೆ ಷಡ್ಜಕ್ಕಿಂತ 0.415 ವೋಲ್ಟ್ ಕೆಳಗಿನ ಬಿಂದು (ಮಂದ್ರ ಪಂಚಮ), ಮಂದ್ರ ತಂತಿಗೆ ಸರಿಯಾಗಿ ಒಂದು ವೋಲ್ಟ್ ಕೆಳಗೆ, ಎಂದು ಹಲವು ಸುತ್ತಿನ ಟ್ರಿಮ್‌ಪಾಟ್‌ಗಳಲ್ಲಿ (ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್) ಕೂರಿಸಿದೆ. ಮೀಟರ್ ನೋಡಿ ಒಪ್ಪಿಕೊಂಡ ಮೇಲೆ ಸೋದರತ್ತೆಯನ್ನು ಕರೆದು ಕೇಳಿಸಿದೆ. ಅವರು ದಶಕಗಳಿಂದ ಹಾಡುವವರು. ಕಣ್ಣು ಮುಚ್ಚಿ ಒಂದು ಆವರ್ತ ಕೇಳಿ, “ಪಂಚಮ ಇನ್ನೂ ಕೂದಲೆಳೆಯಷ್ಟು ಇಳಿದಿದೆ ನೋಡು” ಎಂದರು. ಟ್ರಿಮ್‌ಪಾಟನ್ನು ಸ್ವಲ್ಪವೇ ತಿರುಗಿಸಿದಾಗ “ಹಾಂ, ಈಗ ಸೇರಿತು” ಎಂದರು. ಅವರ ಕಿವಿ ನಿಲ್ಲಿಸಿದ ಜಾಗವನ್ನೇ ಉಳಿಸಿಕೊಂಡಿದ್ದೇನೆ.

ಸ್ಫಟಿಕದ ಗಡಿಯಾರದಿಂದ ಭಾಗಿಸಿ ನಾಲ್ಕೂ ಸ್ವರಗಳನ್ನು ತೆಗೆದರೆ ಎಂದೂ ಅಲುಗುವುದಿಲ್ಲವಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಮಾಡಬಹುದು. ಆದರೆ ಸಾರಣೆ, ಅನುಸಾರಣೆ ಎರಡೂ ಒಂದೇ ಷಡ್ಜವಾದರೂ ಮರದ ತಂಬೂರಿಯಲ್ಲಿ ಅವು ಗಣಿತದ ಸಮಾನತೆಯಲ್ಲಿ ಎಂದೂ ನಿಲ್ಲುವುದಿಲ್ಲ. ಒಂದರ ಸುತ್ತ ಇನ್ನೊಂದು ನಿಧಾನವಾಗಿ ಸುಳಿಯುತ್ತದೆ. ವೋಲ್ಟೇಜಿನ ಆಸಿಲೇಟರ್‌ಗಳಲ್ಲಿ ಆ ಸುಳಿದಾಟ ತಾನಾಗಿ ಇದೆ, ಒಂದೆರಡು ಸೆಂಟ್ ಒಳಗೆ ಇಟ್ಟುಕೊಂಡರೆ ಅದೇ ಅದರ ಚೆಲುವು.

ಜೂನ್

ಜೀವಾಳದ ಕೆಲಸ. ಇಲ್ಲಿ ಸರ್ ಸಿ.ವಿ. ರಾಮನ್ ಅವರ 1921ರ ಲೇಖನ ದಾರಿ ತೋರಿಸಿತು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಹಾರ್ಮೋನಿಕ್‌ಗಳು ಹುಟ್ಟಬಾರದು ಎಂಬುದು ಅಂದಿನವರೆಗಿನ ನಿಯಮ. ತಂಬೂರಿ, ವೀಣೆಗಳ ಅಗಲವಾದ ಬಾಗಿದ ಕುದುರೆಯ ಮೇಲೆ ಆ ನಿಯಮ ನಡೆಯುವುದಿಲ್ಲ, ಅವೂ ಗಟ್ಟಿಯಾಗಿ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ಹಾಗಾದರೆ ಚೌಕದ ಅಲೆ ಇಲ್ಲಿ ಉಪಯೋಗವಿಲ್ಲ, ಅದರಲ್ಲಿ ಸಮಸಂಖ್ಯೆಯ ಹಾರ್ಮೋನಿಕ್‌ಗಳೇ ಇಲ್ಲ. ಗರಗಸದ ಅಲೆಯಲ್ಲಿ ಎಲ್ಲವೂ ಇವೆ. ಅದನ್ನು ಎಲ್‌ಎಂ 13700 ಚಿಪ್‌ನಿಂದ ಕಟ್ಟಿದ ಫಿಲ್ಟರ್‌ಗೆ ಕೊಟ್ಟು, ಮೀಟಿದ ಕ್ಷಣದಲ್ಲಿ ಮೇಲಿನ ಹಾರ್ಮೋನಿಕ್‌ಗಳ ಮೇಲೆ ನಿಲ್ಲಿಸಿ, ಸದ್ದು ಆರುತ್ತ ಹೋದಂತೆ ಕೆಳಗಿಳಿಸಿದರೆ ಒಂದೊಂದು ಹಾರ್ಮೋನಿಕ್ ಸರದಿಯಲ್ಲಿ ಬೆಳಗಿ ಮರೆಯಾಗುತ್ತದೆ. ಹತ್ತಿಯ ಎಳೆಯನ್ನು ಕುದುರೆಯ ಮೇಲೆ ಸರಿಸಿ ಜೀವಾಳ ಹುಡುಕುವಂತೆಯೇ ಇಲ್ಲಿ ರೆಸೊನೆನ್ಸ್ ಗುಂಡಿಯ (ಫಿಲ್ಟರ್ ನಿಂತ ಜಾಗದ ಹಾರ್ಮೋನಿಕ್ ಅನ್ನು ಎತ್ತಿ ಕೇಳಿಸುವುದು) ಸರಿಯಾದ ಸ್ಥಾನವನ್ನು ಹುಡುಕಬೇಕು. ಸ್ವಲ್ಪ ಹೆಚ್ಚಾದರೆ ಶಿಳ್ಳೆಯಾಗುತ್ತದೆ, ಕಡಿಮೆಯಾದರೆ ಮಂಕು.

ನಾಲ್ಕು ತಂತಿಗಳಿಗೂ ಬೇರೆಬೇರೆ ಎನ್ವಲಪ್ (ಸದ್ದು ಏರಿ ಆರುವ ಆಕಾರ ಕೊಡುವುದು) ಮತ್ತು ವಿಸಿಎ (ಆ ಆಕಾರದಂತೆ ಸದ್ದನ್ನು ಹೆಚ್ಚು ಕಡಿಮೆ ಮಾಡುವುದು) ಇಟ್ಟಿದ್ದಕ್ಕೆ ಈಗ ಸಾರ್ಥಕವೆನಿಸುತ್ತಿದೆ. ಒಂದೇ ಆಸಿಲೇಟರನ್ನು, ಸರದಿಯಲ್ಲಿ ವೋಲ್ಟೇಜ್ ಕೊಡುವ ಸೀಕ್ವೆನ್ಸರ್‌ನಿಂದ ನಾಲ್ಕು ಸ್ವರಕ್ಕೆ ಓಡಿಸಿದ್ದರೆ ಹಿಂದಿನ ತಂತಿ ಪ್ರತಿ ಬಾರಿ ಕತ್ತರಿಸಿಹೋಗುತ್ತಿತ್ತು. ತಂಬೂರಿಯ ನಾದ ಹುಟ್ಟುವುದೇ ಹಿಂದಿನದರ ಮೇಲೆ ಮುಂದಿನದು ಹರಡಿಕೊಳ್ಳುವುದರಿಂದ.

ಜುಲೈ

ಹಳೆಯ ಸಿಂಥ್‌ಗಳನ್ನು ಕೂಡಿಡುವ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಅವರ ಬಳಿ 1978ರ ಕೋರ್ಗ್ ಎಂಎಸ್-20 ಇದೆ, ಗುಂಡಿಗಳ ಮೇಲಿನ ಬಿಳಿ ಗೆರೆ ಕೂಡ ಮಾಸಿಲ್ಲ. ಅದರ ಪದ್ಧತಿ ಬೇರೆ: ವೋಲ್ಟೇಜ್ ನೇರವಾಗಿ ಹರ್ಟ್ಸ್‌ಗೆ ಅನುಪಾತದಲ್ಲಿರುತ್ತದೆ. ಷಡ್ಜದ ವೋಲ್ಟೇಜನ್ನು ಒಂದೂವರೆ ಪಟ್ಟು ಮಾಡಿದರೆ ಶುದ್ಧ ಪಂಚಮ, ಒಂದೂಕಾಲು ಪಟ್ಟು ಮಾಡಿದರೆ ಶುದ್ಧ ಅಂತರ ಗಾಂಧಾರ. ನಮ್ಮ ಅನುಪಾತಗಳ ಸಂಗೀತಕ್ಕೆ ಇದು ಎಷ್ಟು ಹತ್ತಿರ ಎಂದು ಇಬ್ಬರೂ ಬಹಳ ಹೊತ್ತು ಮಾತನಾಡಿದೆವು. ಆದರೂ ನನ್ನ ಆಯ್ಕೆ ಒಂದು ವೋಲ್ಟ್‌ಗೆ ಒಂದು ಸ್ಥಾಯಿಯೇ. ಹಾಡುವವರು ಬದಲಾದಾಗ ನಾಲ್ಕೂ ತಂತಿಗಳಿಗೆ ಒಂದೇ ವೋಲ್ಟೇಜ್ ಕೂಡಿದರೆ ಇಡೀ ಶ್ರುತಿ ಏರುತ್ತದೆ, ಒಳಗಿನ ಅಂತರಗಳು ಕದಲುವುದಿಲ್ಲ.

“ಇವನ್ನು ನುಡಿಸದೆ ಇಟ್ಟರೆ ಕೆಪಾಸಿಟರ್ ಒಣಗುತ್ತವೆ, ಸ್ವಿಚ್ ಕಪ್ಪಾಗುತ್ತವೆ. ವಾರಕ್ಕೊಮ್ಮೆಯಾದರೂ ನೀವು ಬಂದು ನುಡಿಸಿ” ಎಂದರು ಅವರು. ಸಂಗ್ರಾಹಕರಲ್ಲಿ ನಾನು ಗೌರವಿಸುವುದು ಈ ಮನಸ್ಸನ್ನು. ಗಾಜಿನ ಕಪಾಟಿನೊಳಗೆ ಬೆಲೆ ಏರುವುದನ್ನು ಕಾಯುತ್ತ ಕುಳಿತ ಮೋಗ್ ಕಂಪನಿಯ ಮಿನಿಮೋಗ್ ಸಿಂಥ್‌ಗಿಂತ, ಬಿರುಕು ಬಿಟ್ಟರೂ ಹಾಡುವ ವಾದ್ಯ ದೊಡ್ಡದು.

ಅಲ್ಲಿ ಅಹಮದಾಬಾದಿನ ಮಾತೂ ಬಂತು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೋಗ್ ಮಾಡ್ಯುಲರ್ ಸಿಂಥಸೈಜರ್ ತಂದು ಸ್ಟುಡಿಯೋ ನಿಲ್ಲಿಸಿದರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಯ ಜೋಶಿಪುರ ಅಲ್ಲಿ ಕೆಲಸ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲೇ ಉಳಿದಿದ್ದು, ಪಾಲ್ ಪರ್ಗಾಸ್ ಎಂಬ ಕಲಾವಿದರ ಶ್ರಮದಿಂದ ಇತ್ತೀಚೆಗೆ ಹೊರಬಂದವು. ಮಿನಿಮೋಗ್ ಮಾರುಕಟ್ಟೆಗೆ ಬರುವ ಮುಂಚೆಯೇ ಭಾರತದಲ್ಲಿ ಕೇಬಲ್ ಹಾಕಿ ನಾದ ಹುಡುಕಿದವರಿದ್ದರು. ಮಾಡ್ಯುಲರ್ ಸಿಂಥ್ ನಮಗೆ ಪರಕೀಯ ಹವ್ಯಾಸ ಎನ್ನುವವರಿಗೆ ನಾನು ಕೊಡುವ ಉತ್ತರ ಆ ಟೇಪುಗಳು.

ಆಗಸ್ಟ್ ಮೊದಲ ವಾರ

ತಂಬೂರಿ ಭಾಗ ಮುಗಿಯಿತು. ಐದನೆಯ ಆಸಿಲೇಟರ್‌ಗೆ ಕೀಬೋರ್ಡ್ ಬೇಡ ಎಂಬುದು ಮೊದಲಿನಿಂದಲೇ ಖಚಿತವಿತ್ತು. ಮೋಗ್ ತನ್ನ ಯಂತ್ರಕ್ಕೆ ಕಪ್ಪು ಬಿಳುಪಿನ ಮನೆಗಳನ್ನು ಜೋಡಿಸಿದ ಕಾಲದಲ್ಲೇ ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ ಅದನ್ನು ಒಪ್ಪದೆ ಸ್ಪರ್ಶಫಲಕಗಳನ್ನು ಮಾಡಿದರು. ವೋಲ್ಟೇಜ್‌ಗೆ ಮೆಟ್ಟಿಲುಗಳಿಲ್ಲ. ತೋಡಿಯ ಗಾಂಧಾರ ಒಂದು ಬಿಂದುವಿನಲ್ಲಿ ನಿಲ್ಲುವ ಸ್ವರವಲ್ಲ, ಓಲಾಡುತ್ತಲೇ ಇರುತ್ತದೆ. ಮೆಟ್ಟಿಲಿಲ್ಲದ ವೋಲ್ಟೇಜ್ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಹಾಗಾಗಿ ರಿಬ್ಬನ್: ಬೆರಳು ಒತ್ತಿದ ಜಾಗಕ್ಕೆ ತಕ್ಕ ವೋಲ್ಟೇಜ್ ಕೊಡುವ ಉದ್ದನೆಯ ಪಟ್ಟಿ. 40 ಸೆಂ.ಮೀ. ಉದ್ದಕ್ಕೆ ಎರಡು ಸ್ಥಾಯಿ ಹರಡಿದರೆ ಒಂದು ಮಿಲಿಮೀಟರಿಗೆ 6 ಸೆಂಟ್. ಅಂತರ ಗಾಂಧಾರದ ಆ 14 ಸೆಂಟ್ ವ್ಯತ್ಯಾಸ ಎರಡು ಮಿಲಿಮೀಟರ್ ಚಿಲ್ಲರೆಯಲ್ಲಿ ಅಡಗಿಹೋಗುತ್ತದೆ, ಬೆರಳ ತುದಿಗೆ ಅದು ತೀರಾ ಇಕ್ಕಟ್ಟು. ಒಂದೇ ಸ್ಥಾಯಿಯನ್ನು ಹರಡಿ, ಮೇಲಿನ ಮತ್ತು ಕೆಳಗಿನ ಸ್ಥಾಯಿಗೆ ಒಂದು ವೋಲ್ಟ್ ಕೂಡಿಸುವ ಕಳೆಯುವ ಸ್ವಿಚ್ಚನ್ನು ಎಡಗೈಗೆ ಕೊಡುವುದೆಂದು ನಿರ್ಧರಿಸಿದ್ದೇನೆ.

ಬೆರಳೆತ್ತಿದ ಮೇಲೆ ಸ್ವರ ಆರುವವರೆಗೆ ಕೊನೆಯ ವೋಲ್ಟೇಜನ್ನು ಒಂದು ಕೆಪಾಸಿಟರ್ ಹಿಡಿದಿಡಬೇಕು. ಅದರಿಂದ ಸೋರುವ ಕರೆಂಟೇ ಇಲ್ಲಿ ಶತ್ರು. ಆ ವೋಲ್ಟೇಜನ್ನು ಓದುವ ಟಿಎಲ್ 072 ಆಪ್‌ಆ್ಯಂಪ್ ಚಿಪ್ ಸಾಮಾನ್ಯವಾಗಿ ಎಳೆಯುವುದು 65 ಪಿಕೋಆ್ಯಂಪ್. 10 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸೆಕೆಂಡಿಗೆ ಸುಮಾರು 8 ಸೆಂಟ್ ಜಾರುತ್ತದೆ, 100 ಹಾಕಿದರೆ ಒಂದು ಸೆಂಟ್‌ಗೂ ಕಡಿಮೆ. 100ರ ಪಾಲಿಪ್ರೊಪಿಲೀನ್ ಕೆಪಾಸಿಟರ್ ತಂದಿದ್ದೇನೆ. ಸ್ಥಾಯಿ ಸ್ವಿಚ್ಚಿನ ಸರ್ಕ್ಯೂಟ್ ಬರೆದಾಗಿದೆ, ರಿಬ್ಬನ್ ಪಟ್ಟಿ ಬರುವುದು ಬಾಕಿ. ಬಂದ ಕೂಡಲೇ ಮೊದಲು ಮಾಯಾಮಾಳವಗೌಳದ ಸರಳೆ ವರಸೆಯಿಂದ ಸ್ಥಾನಗಳನ್ನು ಪರೀಕ್ಷಿಸುತ್ತೇನೆ. ತೋಡಿಗೆ ಕೈಹಾಕುವುದು ಆಮೇಲೆ.