57 ಸುರಂಗ

ನಿನ್ನೆ ಮಗನ್ನ ಕರ್ಕೊಂಡು ಸುಬ್ರಹ್ಮಣ್ಯ ರೋಡಿಂದ ಸಕಲೇಶಪುರಕ್ಕೆ ಹಗಲು ಟ್ರೇನಲ್ಲಿ ಬಂದೆ. ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ, ಒಂದೊಂದು ಬಂದಾಗ್ಲೂ ಬೋಗಿ ತುಂಬಾ ಕೂಗು, ಇವ್ನು ಮಾತ್ರ ಬೆರಳು ಮಡಚಿ ಎಣಿಸ್ತಾ ಕೂತಿದ್ದ, ಥೇಟ್ ನಾನು ಅಜ್ಜನ ಪಕ್ಕ ಕೂತು ಎಣಿಸ್ತಿದ್ದ ಹಾಗೇ. ಆಗ ಮೀಟರ್‌ಗೇಜ್, ಅಂದ್ರೆ ಕಮ್ಮಿ ಅಗಲದ ಹಳಿ. 1996ರಲ್ಲಿ ಅದು ನಿಂತ್ಹೋಯ್ತು, ಅಗಲ ಹಳಿಯ ಬ್ರಾಡ್‌ಗೇಜ್ ಆಗಿ ಪ್ಯಾಸೆಂಜರ್ ಗಾಡಿ ಮತ್ತೆ ಬಂದಿದ್ದು 2007ರ ಕೊನೇಲಿ, ಅಷ್ಟೊತ್ತಿಗೆ ಅಜ್ಜ ಇರ್ಲಿಲ್ಲ. 50 ಅಡಿ ಹೋದ್ರೆ 1 ಅಡಿ ಏರತ್ತೆ ಕಣೋ ಅಂತ ಹೇಳ್ಕೊಟ್ಟಿದ್ದು ಅಜ್ಜ, ಆ ಏರಿಗೇ ಹಿಂದಿಂದ ತಳ್ಳೋಕೆ ಹಾಕೋ ಇಂಜಿನ್ ತೋರ್ಸಿದ್ದು ಅಪ್ಪ, ನಿನ್ನೆ ಅದೆರಡನ್ನೂ ಇವ್ನಿಗೆ ಹೇಳ್ತಾ ಹೇಳ್ತಾ ನನ್ ಗಂಟಲು ಕಟ್ಕೊಂಡ್ಬಿಡ್ತು. ಎಡಕುಮೇರಿ ಹತ್ರ ಲೆಕ್ಕ ತಪ್ತು. "ಅಪ್ಪಾ, ಇನ್ನೊಂದ್ಸಲ ಬಂದು ಮೊದ್ಲಿಂದ ಎಣ್ಸೋಣ" ಅಂದ.