ಅತ್ತೆಗೆ ಬಾಗಿನ ಯಾರು ಕೊಡ್ತಾರೆ?

"ಅಮ್ಮಾ, ನಿಂಗೆ ತಿಪಟೂರಿಂದ ಬಾಗಿನದ ದುಡ್ಡು ಬಂತು. ಅತ್ತಜ್ಜಿಗೆ ಯಾರು ಕಳಿಸ್ತಾರೆ?"

ಗೌರಿ ಹಬ್ಬದ ಹಿಂದಿನ ಸಂಜೆ ಬಳೆ ಎಣಿಸುತ್ತಾ ಏಳು ವರ್ಷದ ಮಗಳು ಕೇಳಿದಳು. ನನ್ನ ತಮ್ಮ ಫೋನಿನಲ್ಲಿ ಹಾಕಿದ ದುಡ್ಡು ಆಗಷ್ಟೇ ಬಂದಿತ್ತು. ಅತ್ತಜ್ಜಿ ಅಂದರೆ ನನ್ನ ಸೋದರತ್ತೆ, ಅಪ್ಪನ ಒಡಹುಟ್ಟಿದವಳು. "ತಾತ ಕೊಡ್ತಾರೆ ಪುಟ್ಟಾ" ಅಂದವಳೇ ಮೊರದ ಚಿಂತೆಗೆ ಬಿದ್ದೆ.

ದೆಹಲಿಗೆ ಬಂದು ಹನ್ನೊಂದು ವರ್ಷ. ಐಎನ್‌ಎ ಮಾರ್ಕೆಟ್ಟಿನಲ್ಲಿ ಬಾಳೆ ಎಲೆ ಸಿಗುತ್ತೆ. ಬಿಚ್ಚೋಲೆ, ರವಿಕೆ ಕಣ ಊರಿಂದಲೇ ತಂದಿಟ್ಟಿರುತ್ತೇನೆ. ಬಿದಿರಿನ ಮೊರ ಮಾತ್ರ ಈಗ ಹುಡುಕಿದರೂ ಸಿಗಲ್ಲ. ಇಲ್ಲಿ ಅದರ ಕಾಲ ದೀಪಾವಳಿ ಆದಮೇಲೆ, ಬಿಹಾರದ ಕಡೆಯವರು ಸೂರ್ಯನಿಗೆ ಮಾಡುವ ಛಠ್ ಪೂಜೆಗೆ. ಹೋದ ವರ್ಷ ಸ್ಟೀಲ್ ತಟ್ಟೆಯಲ್ಲೇ ಬಾಗಿನ ಕೊಟ್ಟೆ. ಮನಸ್ಸು ಒಪ್ಪಲೇ ಇಲ್ಲ.

ಎದುರು ಮನೆ ಭಾಭಿ ಬಿಹಾರದ ದರ್ಭಂಗಾದವರು. ಲಿಫ್ಟಿನಲ್ಲಿ ಸುಮ್ನೆ ಹೇಳಿಕೊಂಡೆ ಅಷ್ಟೇ. ಹತ್ತು ನಿಮಿಷಕ್ಕೆ ಬಾಗಿಲು ತಟ್ಟಿದರು. ಹಳೇ ಸೀರೆಯಲ್ಲಿ ಸುತ್ತಿದ ಎರಡು ಮೊರ! ಛಠ್‌ಗೆ ಊರಿಂದ ತರಿಸಿದ್ದರಲ್ಲಿ ಉಳಿದಿದ್ದಂತೆ. "ಇನ್ನೂ ಬಳಸಿಲ್ಲ, ಪೂಜೆಗೆ ಆಗುತ್ತೆ" ಅಂದರು. ಅರಿಶಿನ ಹಚ್ಚುವಾಗ ಹಸಿ ಬಿದಿರಿನ ವಾಸನೆ ಬಂತು. ಕಣ್ಣು ತುಂಬಿತು.

ಬೆಳಿಗ್ಗೆ ಐದಕ್ಕೇ ಎದ್ದು ಇವರು ಹೂರಣ ರುಬ್ಬಿದರು. ಒಬ್ಬಟ್ಟು ತಟ್ಟೋದು ಈಗ ನನಗಿಂತ ಅವರದ್ದೇ ಚೆನ್ನ. ನಮ್ಮಪ್ಪ ಒಂದು ದಿನ ಒಲೆ ಹಚ್ಚಿದ್ದು ನಾನು ಕಂಡಿಲ್ಲ. ಹದಿನಾರು ಗಂಟಿನ ದಾರ ಕಟ್ಟಿಕೊಂಡು ಮೊರದೊಳಗೆ ಅಕ್ಕಿ, ಬೇಳೆ, ಬೆಲ್ಲ ಇಡುತ್ತಾ ಇದ್ದೆ. ತಿಪಟೂರಿನ ತೆಂಗಿನಕಾಯಿ ಇಡುವಾಗ ಕೈ ನಿಂತಿತು.

ಆ ತೋಟದ ಕೆಳಸಾಲಿನ ಸಸಿಗಳಿಗೆ ಬಾವಿಯಿಂದ ಕೊಡದಲ್ಲಿ ನೀರು ಹೊತ್ತವಳು ಅತ್ತೆ. ಲಂಗ ತೊಡುವ ವಯಸ್ಸಿನಲ್ಲಿ. ಅವಳ ಮದುವೆ 1988ರಲ್ಲಿ ಆಯಿತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು ಅಂತ ಕಾನೂನು ಬಂದಿದ್ದು 1994ರಲ್ಲಿ. ಅದಕ್ಕೂ ಮುಂಚೆ ಮದುವೆಯಾದವರಿಗೆ ಇಲ್ಲ. ನಮ್ಮ ಮನೆಯ ಪಾಲು 1998ರಲ್ಲಿ ಪತ್ರವಾಗಿ ರಿಜಿಸ್ಟರ್ ಆಯಿತು. 2005ರಲ್ಲಿ ಕೇಂದ್ರದ ಕಾನೂನು ಮದುವೆಯ ಆ ಗೆರೆ ಅಳಿಸಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ರಿಜಿಸ್ಟರ್ ಆದ ಪಾಲನ್ನು ಮುಟ್ಟಲಿಲ್ಲ.

ಪಾಲಿನ ಮಾತಾದ ದಿನ ನನಗೆ ಹನ್ನೆರಡು. ಅತ್ತೆ ಹಬ್ಬಕ್ಕೆ ಅಂತ ಬಂದಿದ್ದಳು. ಗಂಡಸರೆಲ್ಲ ಹಜಾರದಲ್ಲಿ ಕೂತಿದ್ದರು. ಒಳಗಿಂದ ಕಾಫಿ ತಂದು ಎಲ್ಲರಿಗೂ ಕೊಟ್ಟು, ಖಾಲಿ ಲೋಟ ಎತ್ತಿಕೊಂಡು ಹೋದವಳು ಅವಳೇ. ಒಬ್ಬರೂ ಅವಳನ್ನ ಒಂದು ಮಾತು ಕೇಳಲಿಲ್ಲ. ಕೇಳಬೇಕಿತ್ತು ಅಂತ ನನಗೂ ಅವತ್ತು ಅನ್ನಿಸಲಿಲ್ಲ.

2016ರಲ್ಲಿ ಅಪ್ಪ ಆ ಕೆಳಸಾಲಿನ ತುಂಡು ಮಾರಿ ನನಗೂ ತಮ್ಮನಿಗೂ ಸಮ ಕೊಟ್ಟರು. ನನಗೆಷ್ಟು ಹೆಮ್ಮೆ ಆಗಿತ್ತು ಅಂತೀರಿ! ದೆಹಲಿಯ ದ್ವಾರಕಾದ ಈ ಮನೆಗೆ ಮೊದಲ ಕಂತು ಕಟ್ಟಿದ್ದು ಅದೇ ದುಡ್ಡಲ್ಲಿ. ಗೌರಮ್ಮ ಕೂತಿರೋದು ಈ ಮನೆಯಲ್ಲೇ ಅಲ್ವಾ. ಅತ್ತೆಗೆ ಸಂದದ್ದು ವರ್ಷಕ್ಕೊಂದು ಮೊರದ ಬಾಗಿನ. ಅಪ್ಪ ಅದನ್ನ ಬಸ್ಸಲ್ಲಿ ತೊಡೆ ಮೇಲಿಟ್ಟುಕೊಂಡು ತುರುವೇಕೆರೆಗೆ ಒಯ್ಯುತ್ತಿದ್ದರು.

ಭಾಭಿಗೆ ಬಾಗಿನ ಕೊಟ್ಟು, ನಮಸ್ಕಾರ ಮಾಡಿ ಬಂದೆ. ಊಟ ಸೇರಲಿಲ್ಲ. ಅತ್ತೆಗೆ ಫೋನ್ ಮಾಡಿದೆ.

"ಬಾಗಿನ ಬಂತಾ ಅತ್ತೆ?"

"ನಿಮ್ಮಪ್ಪಂಗೆ ಮಂಡಿ ನೋವು ಜಾಸ್ತಿ ಕಣೇ. ಈ ಸಲ ಬರಲಿಲ್ಲ, ಬಿಡು. ನಿಂಗೆ ಮೊರ ಸಿಕ್ತಾ?"

ಮಗಳು ನನ್ನ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಸಿಕ್ತು ಅತ್ತೆ" ಅಂದೆ.