ಗುಣಕ ಆರಿಸುವಾಗ

ತೂಕ ಇಳಿಸಲು ಹೊರಟಾಗ ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ ಎಂದು ಅಂದಾಜಿಸಲು 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನೇ ನಾನು ಬಳಸುತ್ತೇನೆ. ಕಿಲೊಗ್ರಾಂ ತೂಕವನ್ನು 10ರಿಂದ, ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದರಷ್ಟನ್ನು ಕಳೆಯಬೇಕು; ಬಳಿಕ ಗಂಡಸರು 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. 35 ವರ್ಷದ, 70 ಕೆ.ಜಿ. ತೂಕದ, 165 ಸೆಂ.ಮೀ. ಎತ್ತರದ ಮಹಿಳೆಗೆ ಸುಮಾರು 1,395 ಬರುತ್ತದೆ. ಸುಮ್ಮನೆ ಮಲಗಿದ್ದರೂ ಉಸಿರಾಟಕ್ಕೆ, ಹೃದಯಕ್ಕೆ, ಮಿದುಳಿಗೆ ತಗಲುವ ಖರ್ಚು ಇದು.

ಪೇಚು ಇರುವುದು ಮುಂದಿನ ಹೆಜ್ಜೆಯಲ್ಲಿ: ದಿನದ ಒಟ್ಟು ಖರ್ಚು ತಿಳಿಯಲು ಈ ಸಂಖ್ಯೆಯನ್ನು ನಮ್ಮ ಚಟುವಟಿಕೆಗೆ ತಕ್ಕ ಗುಣಕದಿಂದ ಗುಣಿಸಬೇಕು. ಕುಳಿತೇ ಇರುವವರಿಗೆ ಗುಣಕ 1.2, ಮಧ್ಯಮ ಚಟುವಟಿಕೆಯವರಿಗೆ 1.55. ಅದೇ ಮಹಿಳೆಗೆ ಮೊದಲನೆಯದರಲ್ಲಿ 1,674, ಎರಡನೆಯದರಲ್ಲಿ 2,163. ವ್ಯತ್ಯಾಸ ಹತ್ತಿರ ಹತ್ತಿರ 490! ತೂಕ ಇಳಿಯಲು ಸಾಮಾನ್ಯವಾಗಿ ಹೇಳುವ ದಿನಕ್ಕೆ 500 ಕ್ಯಾಲೊರಿಯ ಕೊರತೆ ಒಂದು ತಪ್ಪು ಆಯ್ಕೆಯಲ್ಲೇ ಕರಗಿಹೋಗುತ್ತದೆ. ಸಂಜೆ ಅರ್ಧ ಗಂಟೆ ನಡೆದು ಉಳಿದ ಹೊತ್ತೆಲ್ಲ ಕುರ್ಚಿಯಲ್ಲಿ ಕಳೆಯುವವರು 1.55 ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಕಡಿಮೆ ಗುಣಕದಿಂದ ಶುರು ಮಾಡಿ, ಎರಡು ಮೂರು ವಾರಗಳ ಸರಾಸರಿ ತೂಕ ನೋಡಿ ತಿದ್ದಿಕೊಳ್ಳುವುದೇ ವಾಸಿ. ಕೈಗೆ ಕಟ್ಟುವ ಸ್ಮಾರ್ಟ್ ವಾಚ್‌ ಹೇಳುವುದೂ ಅಂದಾಜೇ. ಹಾಗೆಯೇ, ಐದು ಕಿಲೊ ಇಳಿದ ಮೇಲೆ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಹಗುರಾದ ದೇಹದ ಖರ್ಚೂ ಕಡಿಮೆ.